ಸಂದರ್ಶನಕ್ಕೆ ಏನು ಓದಿಕೊಂಡು ಹೋಗಬೇಕು?

ಉದ್ಯೋಗ ಸಂದರ್ಶನದ ಕರೆ ಬಂದವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಅಲ್ಲಿ ಏನೇನು ಕೇಳುತ್ತಾರೆ, ಯಾವ ಯಾವ ಉತ್ತರಗಳನ್ನು ಸಿದ್ಧಮಾಡಿಕೊಂಡು ಹೋಗಲಿ?" ಅಭ್ಯರ್ಥಿಗಳನ್ನು ಆಯ್ಕೆ ಮಾಡುವವರ ಸಾಲಿನಲ್ಲಿ ಬಹಳ ಕಾಲ ಕುಳಿತ ಅನುಭವದಿಂದ ನಾನು ಹೇಳುವುದಿಷ್ಟೆ: ಪ್ರಶ್ನೋತ್ತರಗಳ ಪಟ್ಟಿಯನ್ನು ಬದಿಗಿಟ್ಟು, ನೀವು ಈವರೆಗೆ ಮಾಡಿದ ಕೆಲಸವನ್ನೇ ಮೊದಲು ಓದಿಕೊಳ್ಳಿ.

ಇದಕ್ಕೆ ಕಾರಣ ಸಂದರ್ಶನಗಳು ನಡೆಯುವ ರೀತಿಯಲ್ಲೇ ಇದೆ. 1998ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಫ್ರಾಂಕ್ ಸ್ಮಿಟ್ ಮತ್ತು ಜಾನ್ ಹಂಟರ್, ಅದುವರೆಗಿನ 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ, ಸಂದರ್ಶನದ ಫಲಿತಾಂಶಕ್ಕೂ ಮುಂದೆ ಆ ವ್ಯಕ್ತಿ ಮಾಡುವ ಕೆಲಸದ ಗುಣಮಟ್ಟಕ್ಕೂ ಇರುವ ನಂಟನ್ನು ಅಂದಾಜಿಸಿದರು. ಎಲ್ಲರಿಗೂ ಮೊದಲೇ ಗೊತ್ತುಪಡಿಸಿದ ಪ್ರಶ್ನೆಗಳನ್ನು ಕೇಳಿ ಅಂಕ ಕೊಡುವ ಸಂದರ್ಶನಗಳಲ್ಲಿ ಆ ಸಹಸಂಬಂಧ (ನಂಟೇ ಇಲ್ಲದಿದ್ದರೆ 0, ಪೂರ್ಣ ನಂಟಿದ್ದರೆ 1 ಎಂಬ ಅಳತೆಯಲ್ಲಿ) 0.51 ಇದ್ದರೆ, ತೋಚಿದ್ದನ್ನು ಕೇಳುತ್ತ ಹೋಗುವ ಸಂದರ್ಶನಗಳಲ್ಲಿ 0.38 ಇತ್ತು. 2022ರಲ್ಲಿ ಮನೋವಿಜ್ಞಾನಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಲೆಕ್ಕದ ಕ್ರಮವನ್ನು ತಿದ್ದಿ ನೋಡಿದಾಗ ಎರಡೂ ಅಂಕಿಗಳು ಇಳಿದವು (0.42 ಮತ್ತು 0.19), ಆದರೆ ಅವುಗಳ ನಡುವಿನ ಅಂತರ ಇನ್ನಷ್ಟು ಹಿಗ್ಗಿತು. ಆದ್ದರಿಂದಲೇ ಆಯ್ಕೆಯನ್ನು ಗಂಭೀರವಾಗಿ ಪರಿಗಣಿಸುವವರು "ನಿಮ್ಮ ಬಲವೇನು" ಎಂಬುದಕ್ಕಿಂತ "ಒಪ್ಪಿಕೊಂಡ ಗಡುವು ತಪ್ಪುವಂತಿದ್ದ ಒಂದು ಸಂದರ್ಭದಲ್ಲಿ ನೀವು ಏನು ಮಾಡಿದಿರಿ" ಎಂಬಂಥ ಪ್ರಶ್ನೆಗಳತ್ತ ಹೆಚ್ಚು ವಾಲುತ್ತಾರೆ.

ಇಂಥ ಪ್ರಶ್ನೆಗೆ ಕಂಠಪಾಠದ ಉತ್ತರ ಉಪಯೋಗಕ್ಕೆ ಬರುವುದಿಲ್ಲ. ಗೋದಾಮಿನ ಲೆಕ್ಕ ನೋಡಿಕೊಳ್ಳುವ ಹುದ್ದೆಗೆ ಇಬ್ಬರು ಬಂದಿದ್ದಾರೆ ಎಂದುಕೊಳ್ಳಿ. ಒಬ್ಬರು "ನಾನು ಶ್ರಮಜೀವಿ, ಪ್ರತಿಯೊಂದನ್ನೂ ಸೂಕ್ಷ್ಮವಾಗಿ ಗಮನಿಸುತ್ತೇನೆ" ಎನ್ನುತ್ತಾರೆ. ಇನ್ನೊಬ್ಬರು, ಪುಸ್ತಕದಲ್ಲಿ 340 ಪೆಟ್ಟಿಗೆಗಳಿದ್ದರೂ ಎಣಿಸಿದಾಗ 328 ಮಾತ್ರ ಸಿಕ್ಕವೆಂದೂ, ಕಳವಾಗಿದೆಯೆಂದು ಉಳಿದವರು ನಂಬಿದ್ದಾಗ ತಾವು ಹಿಂದಿನ ತಿಂಗಳ ಚೀಟಿಗಳನ್ನು ತೆಗೆದು ನೋಡಿ, ಗಿರಾಕಿಯಿಂದ ವಾಪಸು ಬಂದ 12 ಪೆಟ್ಟಿಗೆಗಳು ಎರಡು ಸಲ ನಮೂದಾಗಿದ್ದುದನ್ನು ಪತ್ತೆಹಚ್ಚಿದೆವೆಂದೂ ಹೇಳುತ್ತಾರೆ. ಈ ಎರಡನೆಯವರ ಮಾತಿಗೆ ಸಂದರ್ಶಕರು ತಲೆಯೆತ್ತಿ ನೋಡುತ್ತಾರೆ, ಕೂಡಲೇ "ಚೀಟಿಗಳನ್ನೇ ನೋಡಬೇಕೆಂದು ಏಕೆ ಅನ್ನಿಸಿತು?", "ಆಮೇಲೆ ಏನು ಬದಲಾಯಿಸಿದಿರಿ?" ಎಂಬ ಉಪಪ್ರಶ್ನೆಗಳು ಬರುತ್ತವೆ. ಆ ಕೆಲಸವನ್ನು ನಿಜವಾಗಿ ಮಾಡಿದವರಿಗೆ ಉಪಪ್ರಶ್ನೆಗಳೇ ಅನುಕೂಲ, ಎಲ್ಲಿಂದಲೋ ತಂದ ಕಥೆ ಹೇಳುವವರು ಎಡವುವುದೂ ಅಲ್ಲಿಯೇ.

ಆದುದರಿಂದ ಉದ್ಯೋಗದ ಜಾಹೀರಾತನ್ನು ಸಾಲುಸಾಲಾಗಿ ಓದಿ, ಅದರಲ್ಲಿ ಹೇಳಿದ ಪ್ರತಿಯೊಂದು ಜವಾಬ್ದಾರಿಯ ಎದುರಿಗೆ ನಿಮ್ಮ ಅನುಭವದ ಒಂದು ಪ್ರಸಂಗವನ್ನು ಬರೆದುಕೊಳ್ಳಿ. ಐದಾರು ಪ್ರಸಂಗಗಳು ಸಾಕು, ಏಕೆಂದರೆ ಒಂದೇ ಪ್ರಸಂಗ ಹಲವು ಪ್ರಶ್ನೆಗಳಿಗೆ ಒದಗುತ್ತದೆ. ಪ್ರತಿಯೊಂದನ್ನೂ ಎರಡು ನಿಮಿಷದೊಳಗೆ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ: ಹಿನ್ನೆಲೆಗೆ ಎರಡು ವಾಕ್ಯ, ನೀವು ಮಾಡಿದ್ದಕ್ಕೆ ಬಹುಪಾಲು ಸಮಯ, ಕೊನೆಗೆ ಫಲಿತಾಂಶ. ಅನೇಕರು ಇದನ್ನು ತಿರುವುಮುರುವು ಮಾಡಿ, ಸಂಸ್ಥೆಯ ಇತಿಹಾಸವನ್ನೆಲ್ಲ ವಿವರಿಸುತ್ತ ತಮ್ಮ ಪಾಲಿನ ಕೆಲಸಕ್ಕೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ತಂಡದ ಕೆಲಸವಾಗಿದ್ದರೆ ನಿಮ್ಮ ಪಾಲು ಯಾವುದೆಂದು ಸಂಕೋಚವಿಲ್ಲದೆ ಬಿಡಿಸಿ ಹೇಳಿ. ಇದೇ ಮೊದಲ ಉದ್ಯೋಗವಾಗಿದ್ದರೆ ವ್ಯಾಸಂಗದ ವೇಳೆ ಮಾಡಿದ ಪ್ರಾಜೆಕ್ಟೋ ಹೊತ್ತುಕೊಂಡ ಯಾವುದೋ ಹೊಣೆಯೋ ಪ್ರಸಂಗವಾಗಬಹುದು.

"ನಿಮ್ಮ ಬಗ್ಗೆ ಹೇಳಿ" ಎಂಬ ಪ್ರಶ್ನೆಗೆ ಹುಟ್ಟಿನಿಂದ ಆರಂಭಿಸುವ ಅಗತ್ಯವಿಲ್ಲ. ನಿಮ್ಮ ಬಯೋಡೇಟಾ ಅವರ ಮುಂದೆಯೇ ಇರುತ್ತದೆ. ಈಗ ಏನು ಮಾಡುತ್ತಿದ್ದೀರಿ, ಈ ಹುದ್ದೆಗೆ ಹೊಂದುವ ಅನುಭವ ಯಾವುದು, ಇಲ್ಲಿಗೇ ಬರಲು ಏಕೆ ಬಯಸಿದಿರಿ ಎಂಬುದನ್ನು ಒಂದೂವರೆ ನಿಮಿಷದಲ್ಲಿ ಹೇಳಿ ನಿಲ್ಲಿಸಿದರೆ ಮುಂದಿನ ಪ್ರಶ್ನೆ ನಿಮ್ಮ ಮಾತಿನಿಂದಲೇ ಹುಟ್ಟುತ್ತದೆ. ಬಯೋಡೇಟಾದಲ್ಲಿ ಬರೆದ ಯಾವ ಸಾಲಿನ ಬಗ್ಗೆ ಮೂರು ವಾಕ್ಯ ಮಾತಾಡಲು ಆಗುವುದಿಲ್ಲವೋ ಆ ಸಾಲನ್ನು ಅಳಿಸಿಬಿಡುವುದು ಲೇಸು. ಉಡುಪು ಅಚ್ಚುಕಟ್ಟಾಗಿರಲಿ, ಹತ್ತು ನಿಮಿಷ ಮೊದಲೇ ತಲುಪಿ, ಆನ್‌ಲೈನ್ ಸಂದರ್ಶನವಾದರೆ ಮೈಕು ಮತ್ತು ಕ್ಯಾಮೆರಾಗಳನ್ನು ಮುಂಚಿತವಾಗಿ ಪರೀಕ್ಷಿಸಿಕೊಳ್ಳಿ; ಇವುಗಳ ಬಗ್ಗೆ ಇದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಕೊನೆಯಲ್ಲಿ "ನಿಮ್ಮದೇನಾದರೂ ಪ್ರಶ್ನೆ ಇದೆಯೇ" ಎಂದು ಕೇಳಿದಾಗ ಬಹಳಷ್ಟು ಮಂದಿ ಇಲ್ಲವೆಂದು ಎದ್ದುಬಿಡುತ್ತಾರೆ. ಈ ಹುದ್ದೆ ಹೊಸದೋ ಅಥವಾ ಯಾರೋ ಬಿಟ್ಟುಹೋದದ್ದೋ, ಮೊದಲ ಆರು ತಿಂಗಳಲ್ಲಿ ಯಾವ ಕೆಲಸ ಆಗಬೇಕೆಂಬ ನಿರೀಕ್ಷೆಯಿದೆ ಎಂದು ವಿಚಾರಿಸಿ. ಇದಕ್ಕೆ ಅವರ ಉತ್ತರ ಅಡ್ಡಾದಿಡ್ಡಿಯಾಗಿದ್ದರೆ, ನೇಮಕಾತಿ ಪತ್ರ ಕೈಗೆ ಬಂದರೂ ಒಪ್ಪಿಗೆ ಕೊಡುವ ಮೊದಲು ಇನ್ನೊಮ್ಮೆ ವಿಚಾರ ಮಾಡಿ.