ಸಿವಿಕ್ ದಿನಚರಿ: ಬ್ರೇಕ್ ಬಿಟ್ಟಿತು, ತವರಿಗೆ ಹೋಗಿಬಂತು

ಹೋದ ಸಲ ಬರೆದಾಗ ಕಾರು ಎಂಒಟಿಯಲ್ಲಿ, ಅಂದರೆ ಬ್ರಿಟನ್ನಿನಲ್ಲಿ ವರ್ಷಕ್ಕೊಮ್ಮೆ ಮಾಡುವ ವಾಹನ ಪರೀಕ್ಷೆಯಲ್ಲಿ, ಫೇಲಾಗಿ ಮನೆ ಮುಂದೆ ನಿಂತಿತ್ತು. ಹಿಂದಿನ ಎರಡು ಚಕ್ರಗಳಿಗೆ ಬ್ರೇಕ್ ಸಮ ಹಿಡಿಯುತ್ತಿಲ್ಲ ಅಂತ ಚೀಟಿ. ರೋಲರ್ ಮೇಲೆ ನಿಲ್ಲಿಸಿ ಅಳೆದದ್ದು, ವಾದ ಮಾಡುವ ಹಾಗಿಲ್ಲ. ನನಗೂ ಗುಮಾನಿ ಇತ್ತು ಅನ್ನಿ. ಹತ್ತು ಮೈಲಿ ಓಡಿಸಿ ಇಳಿದರೆ ಎಡಗಡೆ ಹಿಂಚಕ್ರ ಮಾತ್ರ ದೋಸೆಕಲ್ಲಿನಂತೆ ಕಾದಿರುತ್ತಿತ್ತು.

ಹೊಸಬರಿಗೆ ಒಂದು ಮಾತು. ಇದು 2007ರ ಹೋಂಡಾ ಸಿವಿಕ್, 1.8 ಪೆಟ್ರೋಲ್. ನಾವಿರುವ ಇಂಗ್ಲೆಂಡಿನ ಸ್ವಿಂಡನ್ನಿನಲ್ಲೇ, ಸೌತ್ ಮಾರ್ಸ್ಟನ್ ಕಾರ್ಖಾನೆಯಲ್ಲಿ ಹುಟ್ಟಿದ್ದು ಅನ್ನೋ ಒಂದೇ ಕಾರಣಕ್ಕೆ ಕೊಂಡೆ. ಇದನ್ನು ಓಡುವ ಸ್ಥಿತಿಗೆ ತಂದು, ಸುತ್ತಲಿನ ಸಣ್ಣ ಫುಟ್ಬಾಲ್ ಲೀಗಿನ ಮೈದಾನಗಳನ್ನೆಲ್ಲ ಸುತ್ತುವುದು ನನ್ನ ಹುಚ್ಚು.

ಶನಿವಾರ ಬೆಳಿಗ್ಗೆ ಜಾಕ್ ಹಾಕಿ ಚಕ್ರ ಬಿಚ್ಚಿದೆ. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಜಾರುಪಿನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಉಜ್ಜಿ, ಗ್ರೀಸ್ ಹಚ್ಚಿದ್ದಾಯಿತು. ಹೊಸ ಪ್ಯಾಡ್ ಕೂರಬೇಕಾದರೆ ಪಿಸ್ಟನ್ ಒಳಗೆ ಹೋಗಬೇಕಲ್ಲ, ಕ್ಲ್ಯಾಂಪ್ ಹಾಕಿ ಒತ್ತಿದೆ. ಹೋಗಲಿಲ್ಲ. ಇನ್ನೂ ಒತ್ತಿದೆ. ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯಿಂದ ನೋಡುತ್ತಿದ್ದವರು, 'ಅದನ್ನ ಒತ್ತಬಾರದಪ್ಪಾ, ತಿರುಗಿಸಬೇಕು' ಅಂದರು. ಹ್ಯಾಂಡ್‌ಬ್ರೇಕಿನ ಸ್ಕ್ರೂ ಆ ಪಿಸ್ಟನ್ನಿನ ಒಳಗೇ ಇರುತ್ತದೆ, ಹಾಗಾಗಿ ತಿರುವುತ್ತಾ ಕೂರಿಸಬೇಕಂತೆ. ತಮ್ಮ ಷೆಡ್ಡಿನಿಂದ ಅದಕ್ಕೆಂದೇ ಇರುವ ಉಪಕರಣವನ್ನೂ ತಂದುಕೊಟ್ಟರು. ಒಂದೂವರೆ ತಾಸು ಗುದ್ದಾಡಿದ್ದು ಐದು ನಿಮಿಷದಲ್ಲಿ ಮುಗಿಯಿತು.

ಆಮೇಲೆ ಗೊತ್ತಾಯಿತು, ಅವರು ಅದೇ ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುವ ಲೈನಿನಲ್ಲಿದ್ದವರು. 2021ರ ಜುಲೈನಲ್ಲಿ ಬೀಗ ಬೀಳುವವರೆಗೂ. ನನ್ನ ಕಾರಿನ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ, ಸದ್ದು ಕೇಳಿ, ಏನೂ ಹೇಳದೆ ತಲೆಯಾಡಿಸಿದರು.

ಮರುಪರೀಕ್ಷೆ ಪಾಸಾಯಿತು. ಮೊದಲ ಸವಾರಿ ಎಲ್ಲಿಗೆ? ಕೌಂಟಿ ಗ್ರೌಂಡ್‌ಗೆ ಹೋಗಬಹುದಿತ್ತು. ಮೂರನೇ ಡಿವಿಷನ್ನಿನಲ್ಲಿದ್ದುಕೊಂಡೇ 1969ರ ಲೀಗ್ ಕಪ್ ಫೈನಲ್‌ನಲ್ಲಿ ಆರ್ಸೆನಲ್ಲನ್ನು 3-1ರಿಂದ ಕೆಡವಿದ, ಮುಂದೆ ಪ್ರೀಮಿಯರ್ ಲೀಗಿಗೆ ಏರಿದ ಒಂದೇ ವರ್ಷ, 1993-94ರಲ್ಲಿ, ನೂರು ಗೋಲು ಹೊಡೆಸಿಕೊಂಡ ಸ್ವಿಂಡನ್ ಟೌನ್‌ನ ಮನೆ ಅದು. ಆದರೆ ಅವತ್ತು ಅದನ್ನು ದಾಟಿ ಮುಂದೆ ಹೋದೆವು. ದಾಟಬೇಕೆಂದರೆ ಪಕ್ಕದ ಮ್ಯಾಜಿಕ್ ರೌಂಡಬೌಟ್ ಇದೆಯಲ್ಲ! ಐದು ಪುಟ್ಟ ವೃತ್ತಗಳು ಒಂದು ದೊಡ್ಡ ವೃತ್ತವನ್ನು ಸುತ್ತುವರಿದಿವೆ. ಪುಟ್ಟವುಗಳಲ್ಲಿ ಗಡಿಯಾರದ ದಿಕ್ಕು, ನಡುವಿನದರಲ್ಲಿ ಅದಕ್ಕೆ ಉಲ್ಟಾ. 1972ರಿಂದ ಹೀಗೇ. ಬೆಂಗಳೂರಿನಲ್ಲಿ ಮೂತಿ ತೂರಿಸಿದವನದೇ ದಾರಿ. ಇಲ್ಲಿ ಪ್ರತಿ ವೃತ್ತದಲ್ಲೂ ಬಲಗಡೆಯವನಿಗೆ ಬಿಟ್ಟುಕೊಡುತ್ತಾ ಹೋದರೆ ಸಾಕು, ಎಲ್ಲಿಂದಲೋ ಆಚೆ ಬಂದಿರುತ್ತೀರಿ. ಬ್ರೇಕ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆ ಜಾಗ ಸಿಗದು.

ಹೊರಟಿದ್ದು ಸೌತ್ ಮಾರ್ಸ್ಟನ್ನಿಗೆ, ಸ್ವಿಂಡನ್ ಸೂಪರ್‌ಮರೀನ್ ಕ್ಲಬ್ಬಿನ ಪಂದ್ಯಕ್ಕೆ. ಹೋಂಡಾಕ್ಕಿಂತ ಮುಂಚೆ ವಿಕರ್ಸ್ ಕಂಪನಿ ಅಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನ ಕಟ್ಟುತ್ತಿತ್ತು, ಕ್ಲಬ್ಬಿನ ಹೆಸರು ಬಂದದ್ದು ಆ ವಿಮಾನದ ಸೂಪರ್‌ಮರೀನ್ ಕಾರ್ಖಾನೆಯಿಂದ. ಎರಡು ಕ್ಲಬ್‌ಗಳು ಸೇರಿ ಈಗಿನ ಕ್ಲಬ್ ಆದದ್ದು 1992ರಲ್ಲಿ, ಹೋಂಡಾ ಅಲ್ಲಿ ಕಾರು ತಯಾರಿಸಲು ಶುರು ಮಾಡಿದ್ದೂ ಅದೇ ವರ್ಷ.

ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿದ್ದೆ. ದಾರಿ ಹೇಳುವುದೇ ಬೇಡ, ಕೈ ತಾನಾಗಿ ಎಡಕ್ಕೆ, ಬಲಕ್ಕೆ ತೋರಿಸುತ್ತಿತ್ತು. ಕಾರ್ಖಾನೆ ಇದ್ದ ಕಡೆ ಈಗ ಗೋದಾಮು. ಅವರು ಅತ್ತ ನೋಡಲಿಲ್ಲ, ನಾನೂ ನಿಧಾನ ಮಾಡಲಿಲ್ಲ.

ಮೈದಾನ ಪುಟ್ಟದು. ಕಟಕಟೆಗೆ ಒರಗಿ ನಿಂತರೆ ಗೋಲ್‌ಕೀಪರ್ ತನ್ನ ಡಿಫೆಂಡರಿಗೆ ಬೈಯುವುದೆಲ್ಲ ಕೇಳುತ್ತದೆ. ಚಹಾ ಬಿಸಿಯಾಗಿತ್ತು, ಸಕ್ಕರೆ ಸಾಲದು. ಮೊದಲ ಗೋಲು ಬೀಳುವಾಗ ನಾನು ಕಾರಿನ ಹತ್ತಿರ ಬಗ್ಗಿ ಚಕ್ರ ಮುಟ್ಟಿ ನೋಡುತ್ತಿದ್ದೆ. ಎಡಗಡೆಯದು ತಣ್ಣಗಿತ್ತು.

ಬಲಗಡೆಯದು ಸ್ವಲ್ಪ ಬೆಚ್ಚಗಿದೆ. ಮುಂದಿನ ಶನಿವಾರ ಅದನ್ನು ಬಿಚ್ಚಬೇಕು. ಉಪಕರಣ ಇನ್ನೂ ವಾಪಸ್ ಕೊಟ್ಟಿಲ್ಲ.