ಆರು ಗುಂಟೆ ಎಲ್ಲಿ ಹೋಯ್ತು?

ನಾನು ಲೈಸೆನ್ಸ್ ಸರ್ವೇಯರ್. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ, ಒಂದು 11ಇ ನಕ್ಷೆಯ ಫೈಲ್ ನನ್ನ ಪಾಲಿಗೆ ಬಂತು. ಸರ್ವೆ ನಂಬರಿನಲ್ಲಿ ಒಂದು ತುಂಡನ್ನಷ್ಟೇ ಮಾರುವಾಗ ಈ ನಕ್ಷೆ ಇಲ್ಲದೆ ನೋಂದಣಿ ಆಗುವುದಿಲ್ಲ. ಒಟ್ಟು ಎರಡು ಎಕರೆ. ಪಹಣಿಯ 9ನೇ ಕಲಂನಲ್ಲಿ ಅಣ್ಣನಿಗೆ ಒಂದು ಎಕರೆ, ತಮ್ಮನಿಗೆ ಒಂದು ಎಕರೆ. ಮಗಳ ಮದುವೆ ಖರ್ಚಿಗೆ ತಮ್ಮ ತನ್ನ ಪಾಲು ಮಾರುತ್ತಿದ್ದರು.

ಹೊಲಕ್ಕೆ ಹೋದೆ. ಲಂಟಾನ ಪೊದೆ ಸರಿಸಿ ಬಾಂದುಕಲ್ಲು ಹುಡುಕಿದ್ದಾಯ್ತು. ಅಳತೆ ಎರಡು ಎಕರೆಗೆ ಸರಿಯಾಗಿ ಬಂತು. ಖುಷಿಯೋ ಖುಷಿ. ತಮ್ಮನ ಕಡೆ ಒಂದು ಬಂಡಿದಾರಿ ಹಾದುಹೋಗಿತ್ತು, ಹುಲ್ಲು ಬೆಳೆದು ಅರ್ಧ ಮುಚ್ಚಿತ್ತು. ಟಿಪ್ಪಣಿಯಲ್ಲೂ, ಅಂದರೆ ಹಳೇ ಸರ್ವೆಯ ನಕ್ಷೆಯಲ್ಲೂ, ಅಲ್ಲಿ ಎರಡು ಚುಕ್ಕಿಗೆರೆ ಇದ್ದವು. ನೋಡಿದೆ. ಹಳೇ ದಾರಿ ಇರಬೇಕು ಅಂದುಕೊಂಡು ಸುಮ್ನಾದೆ. 40 ಗುಂಟೆ ಕತ್ತರಿಸಿ ನಕ್ಷೆ ಬರೆದು ಕೊಟ್ಟೆ.

ಫೈಲ್ ವಾಪಸ್ ಬಂತು. ತಪಾಸಣೆ ಮಾಡಿದ ಹಿರಿಯರು ಬೈಯಲಿಲ್ಲ. ಆಕಾರ್‌ಬಂದ್ (ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು ಬರೆದಿರುವ ಸರ್ವೆ ದಾಖಲೆ) ಮತ್ತು ಪಹಣಿಯನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, "ಕೂಡಿ ನೋಡಪ್ಪ" ಅಂದರು. ಆಕಾರ್‌ಬಂದ್‌ನಲ್ಲಿ 2 ಎಕರೆ, ಅದರಲ್ಲಿ 6 ಗುಂಟೆ ಬಿ ಖರಾಬು, ಉಳಿದದ್ದು 1 ಎಕರೆ 34 ಗುಂಟೆ. ಪಹಣಿಯಲ್ಲಿ ಖರಾಬಿನ ಜಾಗ ಖಾಲಿ. ಬಿ ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನದಂಥ ಊರಿನ ಬಳಕೆಯ ಜಾಗ. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ನಾನು ಅಳೆದ ಎರಡು ಎಕರೆ ಸರಿಯೇ ಇತ್ತು, ಆದರೆ ಆ ಬಂಡಿದಾರಿಯನ್ನೂ ಸೇರಿಸಿ ಮಾರಾಟಕ್ಕೆ ಇಟ್ಟಿದ್ದೆ!

ಕೊಳ್ಳುವವರಿಗೆ ಇದನ್ನು ಹೇಳಿದರೆ ಅವರು ಬ್ಯಾಗಿನಿಂದ ಇಸಿ (ಋಣಭಾರ ಪತ್ರ) ತೆಗೆದರು. "30 ವರ್ಷದ್ದು ತೆಗೆಸಿದ್ದೀನಿ ಸಾರ್, ಏನೂ ತಕರಾರಿಲ್ಲ." ತಕರಾರು ಅದರಲ್ಲಿ ಯಾಕಿರುತ್ತದೆ? ಇಸಿಯಲ್ಲಿ ಕಾಣುವುದು ನೋಂದಣಿಯಾದ ಕ್ರಯ, ಅಡಮಾನ, ದಾನ, ವಿಭಾಗ ಇಂಥವು. ಬಂಡಿದಾರಿಯನ್ನು ಯಾರೂ ಮಾರಿಲ್ಲ, ಅಡ ಇಟ್ಟೂ ಇಲ್ಲ. ಜನ ಇಸಿ ಒಂದನ್ನೇ ಜಾಸ್ತಿ ನಂಬುತ್ತಾರೆ, ನನಗಂತೂ ಅದು ದೊಡ್ಡ ತಲೆನೋವು.

ಆಮೇಲಿಂದ ಹೊಲಕ್ಕೆ ಹೊರಡೋ ಮುಂಚೆ ಫೈಲಿನ ಹಿಂಬದಿ ಪೆನ್ಸಿಲ್‌ನಲ್ಲಿ ಎರಡು ಲೆಕ್ಕ ಹಾಕುತ್ತೇನೆ. ಪಹಣಿಯ ಪಾಲುಗಳನ್ನೆಲ್ಲ ಕೂಡಿದ್ದು ಒಂದು, ಆಕಾರ್‌ಬಂದ್‌ನಲ್ಲಿ ಖರಾಬು ಕಳೆದು ಉಳಿದದ್ದು ಇನ್ನೊಂದು. ತಾಳೆ ಆಗದಿದ್ದರೆ ಟೇಪನ್ನು ಬ್ಯಾಗಿನಿಂದ ತೆಗೆಯುವುದೇ ಇಲ್ಲ. ಮೊದಲು ಪಹಣಿ ತಿದ್ದುಪಡಿ ಆಗಲಿ.

ವಿಷಯ ತಿಳಿದ ದಿನ ಆ ತಮ್ಮ, ಹೊಲದ ಬದುವಿನ ಮೇಲೆ ಕೂತು ಕೇಳಿದ್ದರು: "ಇಬ್ಬರಿಗೂ ಸಮಪಾಲು ಅಲ್ವಾ ಸಾರ್? ಆ ಆರು ಗುಂಟೆ ನನ್ನೊಬ್ಬನ ಕಡೆಯಿಂದಲೇ ಯಾಕೆ ಹೋಗಬೇಕು?" ಅಣ್ಣ ಆಚೆ ಮುಖ ಮಾಡಿ ನಿಂತಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಟೇಪ್ ಸುತ್ತಿಕೊಂಡು ಎದ್ದೆ.