ಶಾಲೆಯ ಅಡುಗೆಮನೆಗೆ ತರಬೇತಿ: ಒಂದು ಸಲಕ್ಕೆ ಒಂದೇ ಕೆಲಸ

ಶಾಲೆಯ ಅಡುಗೆಮನೆ ಸಿಬ್ಬಂದಿಗೆ ತರಬೇತಿ ಅಂದರೆ ಹೆಚ್ಚಿನ ಕಡೆ ಆಗುವುದು ಇಷ್ಟೇ. ರಜೆ ಮುಗಿಯುವ ಹಿಂದಿನ ದಿನ ಎಲ್ಲರನ್ನೂ ಒಂದು ತರಗತಿಯಲ್ಲಿ ಕೂರಿಸುತ್ತಾರೆ, ಪರದೆಯ ಮೇಲೆ ಸ್ಲೈಡ್ ಓಡಿಸುತ್ತಾರೆ, ಹಾಜರಿಗೆ ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ಕೈ ತೊಳೆಯುವುದರಿಂದ ಹಿಡಿದು ಬೆಂಕಿ ಆರಿಸುವವರೆಗೆ ಎಲ್ಲವೂ ಅಂದೇ. ಮರುದಿನ ಹೋಗಿ ನೋಡಿದರೆ ಥರ್ಮಾಮೀಟರ್ ಡ್ರಾಯರ್‌ನಲ್ಲೇ ಬಿದ್ದಿರುತ್ತದೆ. ಇದರಲ್ಲಿ ಸಿಬ್ಬಂದಿಯ ತಪ್ಪಿಲ್ಲ. ದಿನವಿಡೀ ಕೈಕೆಲಸ ಮಾಡುವವರಿಗೆ ಕೈಯಿಂದಲೇ ಮಾಡಿಸಿ ಕಲಿಸಬೇಕು, ಅದೂ ಒಂದು ಸಲಕ್ಕೆ ಒಂದೇ ಕೆಲಸ.

ಯೋಜನೆ ಶುರುವಾಗಬೇಕಾದದ್ದು ಅಡುಗೆಮನೆಯ ಮೂಲೆಯಲ್ಲಿ ನಿಂತು. ಎರಡು ದಿನ, ಅಡುಗೆ ಮುಗಿಯುವ ಹೊತ್ತಿಗೆ ಒಮ್ಮೆ, ಬಡಿಸುವಾಗ ಒಮ್ಮೆ ಹೋಗಿ ನೋಡಿ. ಅಪಾಯ ಕಂಡರೆ ತಡೆಯಿರಿ, ಉಳಿದಂತೆ ತಿದ್ದಲು ಹೋಗದೆ ಬರೆದುಕೊಳ್ಳಿ. ‘ಸ್ವಚ್ಛತೆ ಸಾಲದು’ ಎಂದು ಬರೆದರೆ ಮುಂದೆ ಏನೂ ಮಾಡಲಾಗದು. ‘ದೊಡ್ಡ ಪಾತ್ರೆಯ ತಾಪಮಾನವನ್ನು ಮೇಲ್ಗಡೆ ಮಾತ್ರ ನೋಡಿದರು’ ಎಂದು ಬರೆದರೆ ಪಾಠ ಅಲ್ಲೇ ಸಿಕ್ಕಿತು. ಆಮೇಲೆ ಒಂದೊಂದು ಸಾಲಿನ ಮುಂದೆಯೂ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದು ಗೊತ್ತಿಲ್ಲದೆ ಆಗಿದ್ದೋ, ಮಾಡಲು ಅನುಕೂಲವಿಲ್ಲದೆ ಆಗಿದ್ದೋ? ಕೈ ತೊಳೆಯುವ ಸಿಂಕಿನ ತುಂಬ ಪಾತ್ರೆ ಇದ್ದರೆ ಯಾವ ತರಬೇತಿಯಿಂದಲೂ ಯಾರೂ ಕೈ ತೊಳೆಯುವುದಿಲ್ಲ. ಅಲ್ಲಿ ಬೇಕಾದದ್ದು ಇನ್ನೊಂದು ಸಿಂಕು, ಪಾಠವಲ್ಲ. ಈ ವಿಂಗಡಣೆ ಮಾಡದೆ ಕರೆದ ಸಭೆಯಲ್ಲಿ ಸಿಬ್ಬಂದಿ ತಲೆಯಾಡಿಸುತ್ತಾರೆ, ಮನಸ್ಸಿನಲ್ಲಿ ನೊಂದುಕೊಳ್ಳುತ್ತಾರೆ.

ಉಳಿದವುಗಳಲ್ಲಿ ಮಕ್ಕಳಿಗೆ ಕಾಯಿಲೆ ತರುವಂಥವು ಮೊದಲು: ತಾಪಮಾನ, ಕೈ, ಹುಷಾರಿಲ್ಲದೆ ಕೆಲಸಕ್ಕೆ ಬರುವುದು, ಅಲರ್ಜಿ. ಅಳತೆ, ಬಡಿಸುವ ರೀತಿ ಎಲ್ಲ ಆಮೇಲೆ. ಗುರಿಯನ್ನು ಒಂದೇ ವಾಕ್ಯದಲ್ಲಿ, ಕಣ್ಣಿಗೆ ಕಾಣುವ ಕೆಲಸವಾಗಿ ಬರೆಯಿರಿ. ‘ಆಹಾರ ಸುರಕ್ಷತೆಯ ಅರಿವು ಮೂಡಿಸುವುದು’ ಎಂಬ ಗುರಿ ಮುಟ್ಟಿತೋ ಇಲ್ಲವೋ ಎಂದು ಯಾರಿಗೂ ತಿಳಿಯದು. ‘ಬಡಿಸುವ ಮುಂಚೆ ಪ್ರತಿ ಪಾತ್ರೆಯ ನಡುಭಾಗದ ತಾಪಮಾನ ನೋಡುವುದು, 60 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಬಡಿಸದೆ ಮೇಲ್ವಿಚಾರಕರಿಗೆ ಹೇಳುವುದು, ಬರೆದಿಡುವುದು’ ಎಂದರೆ ನಿಂತು ನೋಡಿ ಹೇಳಬಹುದು.

ಸಮಯ 20 ನಿಮಿಷ ಸಾಕು. ಬಡಿಸಿ ಮುಗಿದ ಮೇಲೆ ಇಟ್ಟುಕೊಳ್ಳಬೇಡಿ. ಆಗ ಕಾಲು ನೋಯುತ್ತಿರುತ್ತದೆ, ಕಣ್ಣು ತೊಳೆಯದ ಪಾತ್ರೆಗಳ ಮೇಲಿರುತ್ತದೆ. ಬೆಳಿಗ್ಗೆ ಒಲೆ ಹಚ್ಚುವ ಮುಂಚಿನ ಹೊತ್ತು ಒಳ್ಳೆಯದು, ಸಂಬಳದ ಅವಧಿಯೊಳಗೇ ಆಗಬೇಕು. ಜಾಗ ಅಡುಗೆಮನೆಯೇ.

ಥರ್ಮಾಮೀಟರ್ ಪಾಠವನ್ನೇ ತೆಗೆದುಕೊಳ್ಳಿ. 9 ಜನರಿದ್ದರೆ 3 ಥರ್ಮಾಮೀಟರ್, 3 ಎತ್ತರದ ಲೋಟ. ಒಂದೇ ಇಟ್ಟುಕೊಂಡರೆ ಇಬ್ಬರು ಮಾಡುತ್ತಾರೆ, ಏಳು ಜನ ನೋಡುತ್ತಾರೆ. ಮೊದಲು ಥರ್ಮಾಮೀಟರ್ ಸರಿಯಿದೆಯೇ ಎಂದು ನೋಡಬೇಕು. ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದು ತುಂಬುವಷ್ಟು ಮಾತ್ರ ತಣ್ಣೀರು ಹುಯ್ಯಿರಿ. ಕಡ್ಡಿಯನ್ನು 5 ಸೆಂಟಿಮೀಟರ್‌ನಷ್ಟಾದರೂ ಇಳಿಸಿ, ತಳಕ್ಕೂ ಗೋಡೆಗೂ ತಾಗದಂತೆ ಹಿಡಿದು, ಅಂಕಿ ನಿಲ್ಲುವವರೆಗೆ ಕಾಯಬೇಕು. 0 ತೋರಿಸಬೇಕು, 1 ಡಿಗ್ರಿ ಆಚೀಚೆ ಆದರೆ ಅಡ್ಡಿಯಿಲ್ಲ. ಎಡವುವುದು ಇಲ್ಲೇ: ನೀರಿನಲ್ಲಿ ಎರಡು ಐಸ್ ತುಂಡು ತೇಲಿಸಿ ನೋಡುತ್ತಾರೆ, 3–4 ಡಿಗ್ರಿ ಬರುತ್ತದೆ, ಥರ್ಮಾಮೀಟರ್ ಕೆಟ್ಟಿದೆ ಎಂದು ಮೂಲೆಗಿಡುತ್ತಾರೆ. ಅದಕ್ಕೇ ಆ ತಪ್ಪು ಲೋಟವನ್ನೂ ಪಕ್ಕದಲ್ಲಿಟ್ಟು ಎರಡನ್ನೂ ಅವರಿಂದಲೇ ಅಳೆಸಿ.

ನಂತರ ಬಿಸಿ ಇರುವ ಒಂದು ದೊಡ್ಡ ಪಾತ್ರೆಯಲ್ಲಿ ಮೂರು ಕಡೆ ಅಳೆಸಿ: ಮೇಲೆ, ಅಂಚಿನಲ್ಲಿ, ನಡುವೆ. ಅಂಕಿಗಳನ್ನು ಅವರೇ ಗಟ್ಟಿಯಾಗಿ ಹೇಳಲಿ. ಮೂರೂ ಬೇರೆ ಬೇರೆ ಬಂದಾಗ ಯಾಕೆ ಕಲಸಿ ನಡುವೆ ನೋಡಬೇಕು ಎಂದು ವಿವರಿಸುವ ಕೆಲಸವೇ ಉಳಿಯುವುದಿಲ್ಲ. ಮುಳ್ಳಿನ ಥರ್ಮಾಮೀಟರ್ ಆದರೆ ಕಡ್ಡಿಯ ತುದಿ ಒಂದೇ ಅಲ್ಲ, ತುದಿಯಿಂದ ಕೆಲವು ಸೆಂಟಿಮೀಟರ್ ಮೇಲಿನವರೆಗೂ ಶಾಖ ಹಿಡಿಯುತ್ತದೆ. ತೆಳುವಾದ ತಿನಿಸಿಗೆ ಅದು ಆಗಿಬರದು, ಡಿಜಿಟಲ್ ಬೇಕು. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ಕಡ್ಡಿಯನ್ನು ಒರೆಸಿ ಸ್ಯಾನಿಟೈಸ್ ಮಾಡುವುದನ್ನು ಮೊದಲ ಸಲದಿಂದಲೇ ಅಭ್ಯಾಸ ಮಾಡಿಸಿ.

ಬಿಸಿ ಅಡುಗೆಯನ್ನು ತಣ್ಣಗಾಗಿಸುವ ಪಾಠಕ್ಕೆ ಬೇರೆಯೇ ದಿನ ಇಡಿ, ಅಲ್ಲಿ ಎದುರಾಗುವುದು ಹಳೆಯ ನಂಬಿಕೆ. ‘ನಾಳೆ ಚೆನ್ನಾಗಿ ಕುದಿಸಿದರೆ ಆಯಿತು’ ಎಂಬ ಮಾತು ಎಲ್ಲ ಅಡುಗೆಮನೆಯಲ್ಲೂ ಇದೆ. ಅನ್ನದಲ್ಲಿ ಸಿಗುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಬೆಚ್ಚಗೆ ಕೂತಾಗ ಅದು ಚಿಗುರಿ ಬೆಳೆದು ವಿಷ ಬಿಡುತ್ತದೆ, ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಇಷ್ಟು ಹೇಳಿದ ಮೇಲೆ ಅಂಕಿಗಳಿಗೆ ಅರ್ಥ ಬರುತ್ತದೆ: 60ರಿಂದ 21 ಡಿಗ್ರಿಗೆ 2 ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಇನ್ನು 4 ಗಂಟೆಯೊಳಗೆ. ಒಂದೇ ಬಿಸಿ ಅಡುಗೆಯನ್ನು ಆಳದ ಪಾತ್ರೆಯಲ್ಲಿ ಅರ್ಧ, 5 ಸೆಂಟಿಮೀಟರ್ ಎತ್ತರಕ್ಕೆ ಹರಡಿದ ತಟ್ಟೆಯಲ್ಲಿ ಅರ್ಧ ಇಟ್ಟು, ಅರ್ಧ ಗಂಟೆಗೊಮ್ಮೆ ಇಬ್ಬರಿಂದ ಬರೆಸಿ. ಎರಡು ಸಾಲು ಅಂಕಿಗಳನ್ನು ಗೋಡೆಗೆ ಅಂಟಿಸಿಬಿಡಿ.

ಅಳತೆಯ ಪಾಠಕ್ಕೆ ಒಂದು ತಕ್ಕಡಿ, ಒಂದು ಸೌಟು ಸಾಕು. 300 ಮಕ್ಕಳಿಗೆ ತಲಾ 150 ಗ್ರಾಂನಂತೆ 45 ಕಿಲೋ ಮಾಡಿರುತ್ತೀರಿ. ಸೌಟು ಗೋಪುರವಾಗಿ ಎದ್ದು 180 ಗ್ರಾಂ ಬಿತ್ತು ಎನ್ನಿ, 250ನೇ ಮಗುವಿಗೆ ಪಾತ್ರೆ ಖಾಲಿ. ಕೊನೆಯ 50 ಮಕ್ಕಳು ತಟ್ಟೆ ಹಿಡಿದು ನಿಂತಿರುತ್ತಾರೆ, ಎಂದಿನಂತೆ ಕೊನೆಯ ತರಗತಿಯವರೇ. ಪ್ರತಿಯೊಬ್ಬರೂ ಐದು ಸೌಟು ಬಡಿಸಿ ತೂಗಲಿ. ಪ್ರೀತಿಯಿಂದ ಹೆಚ್ಚು ಹಾಕುವವರನ್ನು ಗದರಿಸಬೇಡಿ, ಲೆಕ್ಕ ತೋರಿಸಿ.

ಅಲರ್ಜಿ ವಿಷಯದಲ್ಲಿ ಎರಡು ಮಾತು ಗಟ್ಟಿಯಾಗಿ ಕೂರಬೇಕು. ಬೇಯಿಸಿದರೆ ಅಲರ್ಜಿ ಹೋಗುತ್ತದೆ ಎಂದು ನಂಬಿ ಕೂರುವಂತಿಲ್ಲ, ಸ್ಯಾನಿಟೈಸರ್ ಒರೆಸಿದರೂ ಹೋಗುವುದಿಲ್ಲ. ಸೋಪು ನೀರು ಹಾಕಿ ಉಜ್ಜಿ ತೊಳೆಯಬೇಕು. ಮಗು ಬಂದು ‘ಇದರಲ್ಲಿ ಹಾಲು ಇದೆಯಾ?’ ಎಂದು ಕೇಳುವಂತೆ ಒಬ್ಬರು ಕೇಳಲಿ. ‘ಇರಲಿಕ್ಕಿಲ್ಲ ಮಗು’ ಎಂಬ ಉತ್ತರ ಬಂದರೆ ಪಾಠ ಇನ್ನೂ ಮುಗಿದಿಲ್ಲ. ‘ತಾಳು, ಪಟ್ಟಿ ನೋಡಿ ಹೇಳುತ್ತೇನೆ’ ಎಂಬುದೊಂದೇ ಸರಿಯಾದ ಉತ್ತರ.

ವಾಂತಿ, ಭೇದಿ ಆದವರು ಅದು ನಿಂತ ಮೇಲೂ 48 ಗಂಟೆ ಅಡುಗೆಮನೆಗೆ ಬರಬಾರದು. ಇದನ್ನು ಕಲಿಸಲು ಎರಡು ನಿಮಿಷ ಸಾಕು. ಆದರೆ ರಜೆ ಹಾಕಿದ ದಿನದ ಸಂಬಳ ಹಿಡಿಯುವ ಕಡೆ ಕಲಿಸಿಯೂ ಉಪಯೋಗವಿಲ್ಲ, ಹೊಟ್ಟೆನೋವು ಮುಚ್ಚಿಟ್ಟುಕೊಂಡೇ ಬರುತ್ತಾರೆ. ಆಡಳಿತದವರ ಜತೆ ಈ ಮಾತು ಮೊದಲು ಆಗಬೇಕು.

ಪಾಠದ ಕೊನೆಯಲ್ಲಿ ‘ಅರ್ಥ ಆಯಿತಾ?’ ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಮಾಡಿ ತೋರಿಸಿ’ ಅನ್ನಿ. ಏಳು ದಿನ ಬಿಟ್ಟು, ಹೇಳದೆ ಹೋಗಿ ಅದೇ ಕೆಲಸವನ್ನು ಎರಡು ನಿಮಿಷ ನೋಡಿ, ತಿಂಗಳ ಮೇಲೆ ಇನ್ನೊಮ್ಮೆ. ದಾಖಲೆಯಲ್ಲಿ ಸಹಿಗಿಂತ ಮುಖ್ಯವಾದದ್ದು ‘ತಾನಾಗಿ ಮಾಡಿದರು’, ‘ನೆನಪಿಸಬೇಕಾಯಿತು’ ಎಂಬ ಎರಡು ಕಲಂ. ಅರ್ಧಕ್ಕಿಂತ ಹೆಚ್ಚು ಜನರಿಗೆ ನೆನಪಿಸಬೇಕಾಗಿ ಬಂದರೆ ಹೊಸ ವಿಷಯಕ್ಕೆ ಹೋಗದೆ ಅದೇ ಪಾಠವನ್ನು ಬೇರೆ ರೀತಿಯಲ್ಲಿ ಮತ್ತೆ ಮಾಡಿ. ಮೇಲ್ವಿಚಾರಕರ ಹೆಸರೂ ಆ ಪಟ್ಟಿಯಲ್ಲಿರಲಿ, ಅವರು ಅಳೆಯದೆ ಅಂಕಿ ತುಂಬಿದರೆ ಉಳಿದವರೂ ಹಾಗೇ ತುಂಬುತ್ತಾರೆ.

ರಜೆಯಲ್ಲಿರುವವರ ಬದಲಿಗೆ ಬರುವವರನ್ನು ಮಾತ್ರ ಎಲ್ಲರೂ ಮರೆತುಬಿಡುತ್ತಾರೆ. ಅವರಿಗೆಂದೇ ಹತ್ತು ನಿಮಿಷದ ಒಂದು ಪಾಠ ಸಿದ್ಧವಿರಲಿ: ಕೈ ಎಲ್ಲಿ ತೊಳೆಯುವುದು, ಅಲರ್ಜಿ ಪಟ್ಟಿ ಎಲ್ಲಿ ತೂಗುಹಾಕಿದೆ, ಥರ್ಮಾಮೀಟರ್ ಎಲ್ಲಿದೆ. ಏಪ್ರನ್ ಕೊಡುವ ಮುಂಚೆಯೇ ಇದು ಮುಗಿದಿರಬೇಕು.